ಡ್ರೈವರನ ಹಿಂದಿನ ಸೀಟು

ನಾನು ಹೆಚ್ಚು ಸುಳ್ಳು ಹೇಳಿದವಳಲ್ಲ. ಅದಕ್ಕೆ ಕಾರಣ ಧೈರ್ಯ ಸಾಲದ್ದು, ಸತ್ಯದ ಮೇಲಿನ ಪ್ರೀತಿಯಲ್ಲ. ಆದರೆ ಒಂದೇ ಒಂದು ಸುಳ್ಳನ್ನು ನಾಲ್ಕು ವರ್ಷ, ತಿಂಗಳಿಗೊಮ್ಮೆ, ಕಾರ್ಕಳದಿಂದ ಮಣಿಪಾಲದವರೆಗೆ ತಪ್ಪದೆ ಹೇಳಿಕೊಂಡು ಬಂದಿದ್ದೇನೆ. ಬಸ್ಸಿನಲ್ಲಿ ಮುಂದೆ ಕೂತರೆ ನನಗೆ ವಾಂತಿ ಬರುತ್ತದೆ ಎಂಬುದೇ ಆ ಸುಳ್ಳು. ಇವರು ಹೋಗಿ ಎಂಟು ತಿಂಗಳಾಯಿತು. ಇನ್ನು ಒಪ್ಪಿಕೊಂಡರೆ ಯಾರಿಗೂ ನೋವಿಲ್ಲ.

ಇವರು ಎಂದರೆ ನಮ್ಮ ಯಜಮಾನರು, ಕಾರ್ಕಳ–ಉಡುಪಿ ದಾರಿಯಲ್ಲಿ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದ ಡ್ರೈವರ್ ಶೀನಣ್ಣ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ ನಾನು, ಬರೆದರೆ ಪರವಾಗಿಲ್ಲವೇನೋ. ಕೆಲಸ ಬಿಟ್ಟ ಮರುವರ್ಷವೇ ಇವರಿಗೆ ಪ್ರೆಶರ್ ಕಾಣಿಸಿಕೊಂಡಿತು. ಮಣಿಪಾಲದ ಒಬ್ಬ ಡಾಕ್ಟರು ಮೊದಲು ನಿಲ್ಲಿಸಿದ್ದು ಉಪ್ಪನ್ನು. ಗಂಜಿಗೆ ಉಪ್ಪಿನಕಾಯಿ ಇಲ್ಲ, ಒಣಮೀನಿನ ಚಟ್ನಿ ಇಲ್ಲ ಎಂದರೆ ನಮ್ಮ ಕಡೆಯ ಗಂಡಸಿಗೆ ಉಳಿಯುವುದು ಅಕ್ಕಿ ಮತ್ತು ನೀರು. ಇವರು ಮೂರು ದಿನ ಗಂಜಿ ಬಟ್ಟಲನ್ನೇ ಮುಖ ಬಾಡಿಸಿಕೊಂಡು ನೋಡಿದರು, ನಾಲ್ಕನೆಯ ದಿನ ಉಂಡರು. ಸಿಟ್ಟು ಮಾಡಬಾರದು ಎಂದೂ ಡಾಕ್ಟರು ಹೇಳಿದಾಗ ನನಗೆ ನಗು ಬಂತು. "ಇವರಿಗೆ ಸಿಟ್ಟೇ ಬರುವುದಿಲ್ಲ ಡಾಕ್ಟ್ರೇ. ಸಾರಿಗೆ ಹುಳಿ ಮರೆತರೂ ಸುಮ್ಮನೆ ಉಣ್ಣುತ್ತಾರೆ" ಎಂದೆ. ಅದು ಸುಳ್ಳಲ್ಲ. ಮನೆಯಲ್ಲಿ ಇವರು ಅಷ್ಟು ಸಾಧು.

ಆದರೆ ನಾವು ಮಣಿಪಾಲಕ್ಕೆ ಹೋಗುತ್ತಿದ್ದದ್ದು ವಸಂತನ ಬಸ್ಸಿನಲ್ಲಿ. ವಸಂತ ಇವರ ಜೊತೆ ಕಂಡಕ್ಟರಾಗಿದ್ದು ಆಮೇಲೆ ಡ್ರೈವರಾದವನು. ಇವರನ್ನು ಕಂಡ ಕೂಡಲೇ, "ಬನ್ನಿ ಶೀನಣ್ಣ, ನಿಮ್ಮ ಸೀಟು ಉಂಟು" ಎಂದು ತನ್ನ ಹಿಂದಿನ ಸೀಟಿನಲ್ಲಿ ಕೂತವರನ್ನು ಎಬ್ಬಿಸಿಬಿಡುತ್ತಿದ್ದ. ನಾನು ಎಡಗಡೆ ಹೆಂಗಸರ ಸೀಟಿನಲ್ಲಿ. ಬಸ್ಸು ಹೊರಟಿತೋ, ಇವರ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತಲು ಶುರು.

"ಹಾರ್ನ್ ಹೊಡಿ ಮಾರಾಯ! ನೀನು ಬರುವುದು ಆ ದನಕ್ಕೆ ಗೊತ್ತಾಗಬೇಕಲ್ವಾ?"

"ಹೊಡೆದೆ ಶೀನಣ್ಣ."

"ಗೇರು ಅಳ್ತಾ ಉಂಟು, ಕೇಳುವುದಿಲ್ವಾ? ಎಂತ ಅವಸರ ನಿನಗೆ? ಮುಂದಿನ ಬಸ್ಸಿನಲ್ಲಿ ನಿನ್ನ ಮಾವ ಕೂತಿದ್ದಾನಾ?"

"ಹಿರಿಯಡ್ಕದ ಜನ ಎಲ್ಲ ಅವನೇ ತುಂಬಿಸಿಕೊಂಡು ಹೋಗ್ತಾನೆ. ನೀವೂ ಹೀಗೇ ಓಡಿಸಿದ್ದಲ್ವಾ?"

"ನಾನು ಓಡಿಸಿದ್ದು. ನೀನು ಹಾರಿಸುವುದು!"

ಪರ್ಕಳದ ತಿರುವು ಬರುವಷ್ಟರಲ್ಲಿ ಇವರ ಕಿವಿ ಕೆಂಪಾಗಿರುತ್ತಿತ್ತು. ಇಳಿದವರೇ ನೇರ ಡಾಕ್ಟರ ಕೋಣೆಗೆ. ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರೆ ಪಾದರಸ ಮೇಲೆ ಮೇಲೆ ಹೋಗುತ್ತಿತ್ತು. ಒಂದು ಮಾತ್ರೆ ಎರಡಾಯಿತು, ಎರಡು ಮೂರಾಯಿತು.

ಮೂರನೆಯ ಮಾತ್ರೆ ಬಂದ ಮೇಲೆ ಮನೆಯಲ್ಲಿ ಇವರು ಎದ್ದು ನಿಂತ ಕೂಡಲೇ ತಲೆ ತಿರುಗಿ ಗೋಡೆ ಹಿಡಿಯತೊಡಗಿದರು. ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಎದ್ದವರು ಬಚ್ಚಲ ಕಲ್ಲಿನ ಮೇಲೆ ಬಿದ್ದು ಹಣೆ ಒಡೆದುಕೊಂಡರು. ಆ ವಯಸ್ಸಿನಲ್ಲಿ ಇನ್ನೊಮ್ಮೆ ಬಿದ್ದು ಸೊಂಟ ಮುರಿದರೆ ಏಳುವುದುಂಟಾ? ಆವತ್ತಿನಿಂದ ಇವರು ಸ್ನಾನಕ್ಕೆ ಹೋದರೆ ನಾನು ಬಾಗಿಲ ಹೊರಗೆ ನಿಲ್ಲುತ್ತಿದ್ದೆ. "ಎಂತ, ಟಿಕೆಟ್ ಕೇಳ್ಲಿಕ್ಕೆ ನಿಂತಿದ್ದೀಯಾ?" ಎಂದು ಒಳಗಿನಿಂದ ತಮಾಷೆ ಮಾಡುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಆ ತಿಂಗಳು ಮದುವೆಗಳ ಕಾಲ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಇವರ ಸೀಟಿನಲ್ಲಿ ಒಬ್ಬಳು ತುಂಬು ಬಸುರಿ ಕೂತಿದ್ದಳು. ನಮಗೆ ಸಿಕ್ಕಿದ್ದು ಹಿಂದಿನ ಚಕ್ರದ ಮೇಲಿನ ಜೋಡಿ ಸೀಟು. ಅಲ್ಲಿಂದ ರಸ್ತೆ ಕಾಣುವುದಿಲ್ಲ, ನಿಂತವರ ಬೆನ್ನು ಮಾತ್ರ ಕಾಣುತ್ತದೆ. ಬೆನ್ನು ನೋಡಿ ಯಾರಿಗೆ ಸಿಟ್ಟು ಬರುತ್ತದೆ? ಹಿರಿಯಡ್ಕ ದಾಟುವ ಮೊದಲೇ ಇವರು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದರು. ಆವತ್ತು ಡಾಕ್ಟರು ಪಾದರಸ ನೋಡಿ ಹುಬ್ಬು ಗಂಟಿಕ್ಕಿದರು. ಇವರನ್ನು ನಿಲ್ಲಿಸಿ ಇನ್ನೊಮ್ಮೆ ನೋಡಿದರು, ಇನ್ನೂ ಕೆಳಗೆ. ನಾನು ಇವರನ್ನು ಹೊರಗೆ ಬೆಂಚಿನಲ್ಲಿ ಕೂರಿಸಿ ಬಂದು, ಸೀಟಿನ ಕಥೆಯನ್ನೆಲ್ಲ ಹೇಳಿದೆ.

ಡಾಕ್ಟರು ನಕ್ಕರು, ಆಮೇಲೆ ಗಂಭೀರರಾದರು. "ಅಂದರೆ ನಾನು ಇಷ್ಟು ದಿನ ಮದ್ದು ಕೊಟ್ಟದ್ದು ಬಸ್ಸಿಗೆ. ಮನೆಯಲ್ಲಿ ಪ್ರೆಶರ್ ತೀರ ಇಳಿದು ಅವರು ಬಿದ್ದದ್ದು ಅದರಿಂದಲೇ. ಬಂದವರನ್ನು ಅರ್ಧ ಗಂಟೆ ಕೂರಿಸಿ ನೋಡಬೇಕಿತ್ತು, ನನ್ನದೂ ತಪ್ಪುಂಟು" ಎಂದು ಎರಡು ಮಾತ್ರೆ ನಿಲ್ಲಿಸಿದರು. "ಆ ಸೀಟಿನಲ್ಲಿ ಕೂರಬೇಡಿ ಎಂದು ಅವರಿಗೆ ನಾನೇ ಹೇಳುತ್ತೇನೆ."

"ಬೇಡ ಡಾಕ್ಟ್ರೇ" ಎಂದೆ. "ಅವರಿಗೆ ಉಳಿದ ಮರ್ಯಾದೆ ಅದೊಂದೇ ಸೀಟು."

ಹಾಗೆ ಹುಟ್ಟಿತು ನನ್ನ ವಾಂತಿ. "ನೀವು ಜೊತೆಗೆ ಹಿಂದೆ ಕೂತರೆ ಮಾತ್ರ ನಿಲ್ಲುತ್ತದೆ" ಎಂದೂ ಸೇರಿಸಿದೆ. "ಡ್ರೈವರನ ಹೆಂಡತಿಗೆ ಬಸ್ಸಿನಲ್ಲಿ ವಾಂತಿ!" ಎಂದು ಇವರು ಇಡೀ ಕಾರ್ಕಳ ಸ್ಟ್ಯಾಂಡಿಗೆ ಸಾರಿದರು. ಮಣಿಪಾಲ ಬರುವವರೆಗೆ ಮೂಸುತ್ತಿರಲು ಪ್ರತಿ ಸಲ ಒಂದು ಲಿಂಬೆಹಣ್ಣು ತಂದುಕೊಟ್ಟರು. ಮೂಸಿ ಮೂಸಿ ನನಗೆ ನಿಜವಾಗಿಯೂ ತಲೆನೋವು ಬರುತ್ತಿತ್ತು. ಆದರೆ ಇವರು ಮತ್ತೆ ಬೀಳಲಿಲ್ಲ. ಎರಡನೆಯ ವರ್ಷ ಒಂದು ದಿನ ಇವರು ಲಿಂಬೆಹಣ್ಣು ತರಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಯಾವತ್ತೂ ತರಲಿಲ್ಲ. ಆದರೂ ಬಸ್ಸು ಹತ್ತಿದ ಕೂಡಲೇ ಇವರೇ ಮೊದಲು ಹಿಂದೆ ಹೋಗಿ, ಕಿಟಕಿಯ ಬದಿ ನನಗೆ ಬಿಟ್ಟು ಕೂರುತ್ತಿದ್ದರು. ಇಪ್ಪತ್ತೆಂಟು ವರ್ಷ ಒಬ್ಬರೇ ಕೂರುವ ಸೀಟಿನಲ್ಲಿ ಕೂತ ಮನುಷ್ಯ ಅಲ್ವಾ.

ಇವರು ಹೋದದ್ದು ಪ್ರೆಶರಿನಿಂದ ಅಲ್ಲ, ಎದೆಯಲ್ಲಿ ಕಫ ಕಟ್ಟಿ. ಈಗ ಪ್ರೆಶರ್ ನನಗೆ ಬಂದಿದೆ. ಮೊನ್ನೆ ಒಬ್ಬಳೇ ಹೊರಟಾಗ ವಸಂತ, "ಅಕ್ಕ, ಶೀನಣ್ಣನ ಸೀಟು ಖಾಲಿ ಉಂಟು. ಆದರೆ ನಿಮಗೆ ಮುಂದೆ ಆಗುವುದಿಲ್ಲ ಅಲ್ವಾ?" ಎಂದ. "ಈಗ ಆಗುತ್ತದೆ" ಎಂದು ಕೂತೆ. ಪರ್ಕಳದ ತಿರುವಿನಲ್ಲಿ ಎದುರಿಗೆ ಲಾರಿ ಬಂತು. "ಹಾರ್ನ್ ಹೊಡಿ ಮಾರಾಯ!" ಎಂದು ಯಾರೋ ಕೂಗಿದರು. ನಾನೇ. ಕೆಳಗೆ ನೋಡಿದರೆ ನನ್ನ ಬಲಗಾಲು ಹಲಗೆಯನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು.

ಡಾಕ್ಟರು ಪಾದರಸ ನೋಡಿದರು, ನನ್ನ ಮುಖ ನೋಡಿದರು. "ಎಲ್ಲಿ ಕೂತು ಬಂದಿರಿ?"

ಹೇಳಿದೆ.

"ನಿಮಗೆ ಗೊತ್ತಿಲ್ಲದ್ದಾ ಅಮ್ಮ? ಇನ್ನು ಮುಂದೆ ಹಿಂದಿನ ಜೋಡಿ ಸೀಟಿನಲ್ಲಿ ಕೂತು ಬನ್ನಿ."

"ಆಗುವುದಿಲ್ಲ ಡಾಕ್ಟ್ರೇ" ಎಂದೆ. "ಹಿಂದೆ ಕೂತರೆ ನನಗೆ ವಾಂತಿ ಬರುತ್ತದೆ."