ಗೌಜಲ ಮರಿಗಳೂ ಮಾವನ ಹಗಲು ನಿದ್ದೆಯೂ

ತಾಳಿ, ಒಂದು ನಿಮಿಷ ತಾಳಿ! ಗೌಜಲ ಹಕ್ಕಿಯ ಮರಿಗಳು ಬೂಟು ಹಾಕಿಕೊಂಡು ಓಡಾಡಿದ್ದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಬೂಟು ತೊಡಿಸಿದವನೂ ನಾನೇ. ಆದರೆ ಮೊದಲಿನಿಂದ ಹೇಳದಿದ್ದರೆ ನನಗೆ ತಲೆ ಕೆಟ್ಟ ಹಾಗೆ ನಿಮಗೂ ಕೆಡುತ್ತದೆ.

ಕೋಳಿ ಸಾಕಣೆಯ ಹಳೆಯ ಪುಸ್ತಕವೊಂದು ನನ್ನ ಕೈಗೆ ಸಿಕ್ಕಿತ್ತು. ಅರ್ಧ ಹರಿದುಹೋಗಿತ್ತು ನಿಜ, ಆದರೆ ಉಳಿದರ್ಧದಲ್ಲಿ ನಾನು ಪಂಡಿತ. ಟೊಮ್ಯಾಟೊ ಪೆಟ್ಟಿಗೆಯ ಒಳಗೆ ಗೋಣಿ ಬಡಿದು, ಬಲ್ಬು ತೂಗುಹಾಕಿ, ಜ್ವರ ನೋಡುವ ಥರ್ಮಾಮೀಟರ್ ಸಿಕ್ಕಿಸಿ ಕಾವಿನ ಯಂತ್ರ ತಯಾರಿಸಿದೆ. ಬಂಗಾರಪೇಟೆಯಿಂದ ಚುಕ್ಕಿ ಚುಕ್ಕಿಯ ಗೌಜಲ ಮೊಟ್ಟೆಗಳೂ ಬಂದವು.

ಕ್ಯಾಸಂಬಳ್ಳಿ ಕಡೆಯ ನಮ್ಮೂರಲ್ಲಿ ಕರೆಂಟು ದೊಡ್ಡಮನುಷ್ಯರ ಹಾಗೆ, ಮನಸ್ಸಾದಾಗ ಬರುತ್ತಿತ್ತು. ಉರಿಗಾಂನ ಮೈನ್ಸ್ ಕ್ವಾರ್ಟರ್ಸ್‌ನಲ್ಲಿ ಮಾತ್ರ ಹೋಗುತ್ತಲೇ ಇರಲಿಲ್ಲ. ಅಲ್ಲಿ ನಮ್ಮ ಅತ್ತೆಯ ಮನೆ. ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಸ್ಸು ಹತ್ತಿದೆ.

ಮಾವ ಗಣಿಯಲ್ಲಿ ರಾತ್ರಿ ಶಿಫ್ಟು. ಒಂದೇ ಷರತ್ತು ಹಾಕಿದರು.

"ನೋಡ್ಲಾ, ಅಗಲೊತ್ತು ನನ್ ನಿದ್ದೆ ಕೆಡ್ತೋ, ನಿನ್ ಪೆಟ್ಗೇಲಿರೋದೆಲ್ಲಾ ಸಂಜೆಗೆ ಸಾರು!"

ನಾನು ಧೈರ್ಯವಾಗಿ ಒಪ್ಪಿದೆ. ಮೊಟ್ಟೆಗಳು ಗಲಾಟೆ ಮಾಡುವುದನ್ನು ಯಾರಾದರೂ ಕೇಳಿದ್ದಾರೆಯೇ?

ಒಂದು ಬೆಳಿಗ್ಗೆ ಮಾವ ಶಿಫ್ಟು ಮುಗಿಸಿ ಬಂದು ಕಂಬಳಿ ಎಳೆದುಕೊಂಡದ್ದೇ ತಡ, ಮೊಟ್ಟೆಗಳೆಲ್ಲ ಒಡೆದವು. ದುಂಬಿಯಷ್ಟೇ ದಪ್ಪದ ಮರಿಗಳು! ಮೈ ಒಣಗಿದ ಮೇಲೆ ಬಾಯಿ ಬಿಟ್ಟವು ನೋಡಿ, ದೇಹ ದುಂಬಿಯದು, ಗಂಟಲು ಗಣಿಯ ಸೈರನ್ನಿನದು. ಪುಸ್ತಕ ತೆಗೆದೆ. "ಮರಿಗಳು ಹೊರಬಂದ ಕೂಡಲೇ ಮರೆಯದೆ" ಎಂದು ಕೊನೆಯ ಪುಟ ನಿಂತಿತ್ತು. ಮರೆಯದೆ ಏನು? ಮುಂದಿನ ಹಾಳೆಯೇ ಇಲ್ಲ!

"ಅಸಿವು ಕಣೋ ಅವುಕ್ಕೆ," ಎಂದರು ಅತ್ತೆ. "ಏನಾನ ಆಕು, ನಿಮ್ಮಾವ ಎದ್ದುಬುಡ್ತಾರೆ."

ರಾತ್ರಿಯ ರಾಗಿಮುದ್ದೆ ಇತ್ತು. ಕಿವುಚಿ, ನೀರು ಬೆರೆಸಿ, ತಟ್ಟೆಯಲ್ಲಿಟ್ಟೆ. ಮರಿಗಳು ಅದನ್ನು ತಿನ್ನಲಿಲ್ಲ, ತುಳಿದವು. ಬಲ್ಬಿನ ಶಾಖಕ್ಕೆ ರಾಗಿ ಒಣಗಿ ಒಂದೊಂದು ಕಾಲಿಗೂ ಒಂದೊಂದು ಗಟ್ಟಿ ಉಂಡೆ! ಟಕ್ ಟಕ್ ಎಂದು ಪೆಟ್ಟಿಗೆಯ ತುಂಬ ಕವಾಯತು ಶುರುವಾಯಿತು.

ಅತ್ತೆ ಇಣುಕಿ ನೋಡಿದರು. "ಇದೇನ್ಲಾ, ನಿಮ್ಮಾವನ್ ಜೊತೆ ಇವೂ ಶಿಫ್ಟಿಗ್ ಒಂಟವಾ?"

ಬೂಟು ಕಳಚಬೇಕಲ್ಲ? ಬೆಚ್ಚಗಿನ ನೀರಲ್ಲಿ ಕಾಲು ನೆನೆಸಿದೆ. ಬೂಟು ಕರಗಿತು, ಸರಿ. ಆದರೆ ಮರಿಗಳು ಪೂರ್ತಿ ತೊಯ್ದು ನಡುಗತೊಡಗಿದವು. ಬೇಗ ಒಣಗಲೆಂದು ಬಲ್ಬಿನ ಹತ್ತಿರಕ್ಕೆ ಹಿಡಿದೆ. ಒಂದು ಮರಿ ಮೈ ಕೊಡವಿತು. ನೀರು ಬಲ್ಬಿಗೆ ಸಿಡಿಯಿತು.

ಠಪ್!

ಕಂಬಳಿ ಒಮ್ಮೆ ಅಲುಗಿ ಸುಮ್ಮನಾಯಿತು. ನನ್ನ ಜೀವ ಮರಳಿತು. ಮರಿಗಳನ್ನು ನೆಲದ ಮೇಲೆ ಟವೆಲಿನಲ್ಲಿ ಸುತ್ತಿಟ್ಟು, ಹೊಸ ಬಲ್ಬು ತರಲು ಅಂಗಡಿಗೆ ಓಡಿದೆ. ವಾಪಸು ಬಂದರೆ ಮನೆಯಲ್ಲಿ ಸದ್ದೇ ಇಲ್ಲ. ಟವೆಲಿನಲ್ಲಿ ಮರಿಗಳೂ ಇಲ್ಲ!

"ಅತ್ತೆ, ಮರಿಗಳೆಲ್ಲಿ?"

"ನನ್ ಕೇಳ್ತೀಯಲ್ಲೋ! ನಾನು ಸೊಪ್ಪು ಬಿಡಿಸ್ತಾ ಇವ್ನಿ."

ನೆಲ ನೋಡಿದೆ. ಸಣ್ಣ ಸಣ್ಣ ಒದ್ದೆ ಹೆಜ್ಜೆಗಳು ಸಾಲಾಗಿ ಹೋಗಿ ಮಾವನ ಕಂಬಳಿಯೊಳಗೆ ಮಾಯವಾಗಿದ್ದವು.

ಈಗ ನೀವೇ ಹೇಳಿ. ಎಬ್ಬಿಸಿದರೆ ಮಾವ ಗಾಬರಿಯಾಗಿ ಹೊರಳುತ್ತಾರೆ, ಮರಿಗಳು ಚಟ್ನಿ. ಎಬ್ಬಿಸದಿದ್ದರೆ ನಿದ್ದೆಯಲ್ಲಿ ಹೊರಳುತ್ತಾರೆ, ಆಗಲೂ ಚಟ್ನಿ. ಚಟ್ನಿ ತಪ್ಪಿದರೆ ಸಾರು! ಉಸಿರು ಬಿಗಿಹಿಡಿದು ಕಂಬಳಿಯ ತುದಿ ಎತ್ತಲು ಕೈ ಹಾಕಿದೆ.

"ಮುಟ್ಟಬ್ಯಾಡ," ಎಂದಿತು ಕಂಬಳಿ.

ಮಾವ ಕಣ್ಣು ಬಿಟ್ಟು, ಮರದ ದಿಮ್ಮಿಯ ಹಾಗೆ ಮಲಗಿದ್ದರು. "ಈಗ್ ತಾನೆ ಮಲಗವೆ. ಕಂಕುಳಾಗೆ ಒಂದಷ್ಟು, ಒಟ್ಟೆ ಮ್ಯಾಲೆ ಒಂದಷ್ಟು. ಉಸ್ರೂ ಮೆತ್ತಗ್ ಬಿಡ್ತಾ ಇವ್ನಿ ಕಣ್ಲಾ."

"ಮಾವ, ನಿಮ್ಮ ನಿದ್ದೆ..."

"ನನ್ ನಿದ್ದೆ ಮನೆ ಆಳಾಗ. ಮೆತ್ತಗ್ ಮಾತಾಡು!"

ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು. "ಅಂಗಾರೆ ಸಂಜೆಗೆ ಮಸಾಲೆ ಅರೀಲಾ ಬ್ಯಾಡ್ವಾ?"

"ಸುಮ್ಕಿರೇ, ಎದ್ದಾವು!"

ಸಂಜೆ ಮಾವ ನಿದ್ದೆಗಣ್ಣಲ್ಲೇ ಶಿಫ್ಟಿಗೆ ಹೊರಟರು. ಹೊಸ ಬಲ್ಬು ಹಾಕಿ ಮರಿಗಳನ್ನು ಯಂತ್ರಕ್ಕೆ ಬಿಟ್ಟೆ. ಮತ್ತೆ ಸೈರನ್! ನಾನೂ ಅದೇ ಕಂಬಳಿ ಹೊದ್ದು, ಮಾವನಂತೆಯೇ ದಿಮ್ಮಿಯಾಗಿ ಮಲಗಿ, ಅವನ್ನು ಮೈಮೇಲೆ ಬಿಟ್ಟುಕೊಂಡೆ. ಅವು ನನ್ನ ಎದೆಯನ್ನು ಸೇತುವೆಯ ಹಾಗೆ ದಾಟಿ, ಮಾವ ಬಿಚ್ಚಿಟ್ಟಿದ್ದ ಹಳೆಯ ಸ್ವೆಟರಿನೊಳಗೆ ಹೊಕ್ಕು ಕಣ್ಣು ಮುಚ್ಚಿದವು. ಕೊನೆಗೆ ಆ ಸ್ವೆಟರನ್ನೇ ಬಲ್ಬಿನ ಕೆಳಗೆ ಇಡಬೇಕಾಯಿತು.

ಮರಿಗಳು ಚೆನ್ನಾಗಿಯೇ ಬೆಳೆದವು. ಸಾಕಿದವರು ಯಾರೆಂದು ಕ್ವಾರ್ಟರ್ಸ್ ಲೈನಿನಲ್ಲಿ ಯಾರು ಕೇಳಿದರೂ ಎಲ್ಲರೂ ಮಾವನ ಕಡೆ ಕೈ ತೋರಿಸುತ್ತಿದ್ದರು. ನನ್ನ ಯಂತ್ರವೂ ವ್ಯರ್ಥವಾಗಲಿಲ್ಲ. ಅತ್ತೆ ಅದರಲ್ಲಿ ಟೊಮ್ಯಾಟೊ ಇಟ್ಟರು.

ನಿಮ್ಮ ಮನೆಯಲ್ಲೂ ಇಂಥ ಮರಿಗಳು ಯಾರನ್ನಾದರೂ ದಿಮ್ಮಿ ಮಾಡಿ ಮಲಗಿಸಿದ್ದರೆ ದಯವಿಟ್ಟು ಬರೆದು ತಿಳಿಸಿ. ಹಾಗೆಯೇ, "ಕೂಡಲೇ ಮರೆಯದೆ" ಏನು ಮಾಡಬೇಕಿತ್ತೆಂದು ಗೊತ್ತಿದ್ದವರು ಅದನ್ನೂ ಬರೆಯಿರಿ. ನನಗೆ ಇವತ್ತಿಗೂ ಗೊತ್ತಿಲ್ಲ!