ಹಿರೇಮನಿ ಪಟ್ಟಕ್ಕಾಗಿ ನಡೆದ ಭಿತ್ತಿಭೇದನ

ಸುಣ್ಣ-ಗಾರೆ-ಇಟ್ಟಿಗೆಗಳ ಅಧಿದೇವತೆಯೇ, ಒಂದೇ ಗೋಡೆಯನ್ನು ಎರಡು ಸಂಸಾರಗಳಿಗೆ ಹಂಚಿ ಜತೆಗೆ ಜಗಳವನ್ನೂ ದಯಪಾಲಿಸಿದ ತಾಯೇ, ಈ ಬಡ ಕಥೆಗಾರನ ನಾಲಗೆಯ ಮೇಲೆ ಕೊಂಚ ಹೊತ್ತು ಕೂರು. ನಾನೋ ಉಬ್ಬಸದವನು, ದೀರ್ಘಸಮಾಸಗಳ ನಡುವೆ ಉಸಿರು ಸಿಕ್ಕಿಕೊಂಡೀತು! ಹುಬ್ಬಳ್ಳಿಯ ಹಳೇ ಗಿರಣಿ ಸಾಲುಮನೆಗಳ ಸಮಸ್ತಪುರಾತತ್ತ್ವವಿದ್ಯಾವಿಶಾರದನೂ ನಿವೃತ್ತೇತಿಹಾಸಶಿಕ್ಷಕಕುಲತಿಲಕನೂ ಆದ ಗುರುಪಾದಪ್ಪ ಮಾಸ್ತರನು ಸುತ್ತಿಗೆ ಎತ್ತಿದ ಪ್ರಸಂಗವನ್ನು ಹೇಳಬೇಕಾಗಿದೆ.

ಆ ಸಾಲಿನಲ್ಲೊಂದು ಪದ್ಧತಿ. ದೀಪಾವಳಿಯ ಮೊದಲ ಹಣತೆ ಬೆಳಗುವುದು ಎಲ್ಲಕ್ಕಿಂತ ಮೊದಲು ಕಟ್ಟಿದ ಮನೆಯಲ್ಲಿ. ಉಳಿದವರು ಅದರಿಂದಲೇ ಹಚ್ಚಿಕೊಳ್ಳಬೇಕು. ಆ ಮನೆಯವರಿಗೆ ‘ಹಿರೇಮನಿ’ ಎಂಬ ಬಿರುದು. ಅದು ಪಕ್ಕದ ಮನೆಯ ಸಂಗವ್ವನ ಪಾಲಾಗಿತ್ತು. ಜೀವಮಾನವೆಲ್ಲ ಸಾಮ್ರಾಜ್ಯಗಳ ಹಿರಿತನ ಕಿರಿತನ ತೀರ್ಮಾನಿಸಿದವನು ಹಣತೆ ಹಿಡಿದು ಆಕೆಯ ಹೊಸ್ತಿಲಲ್ಲಿ ಕಾಯುವುದೇ! ಮಾಸ್ತರನಿಗೆ ಹೊಟ್ಟೆ ಉರಿಯುತ್ತಿತ್ತು.

ಹಬ್ಬದ ಮುನ್ನಾದಿನ ನೆರೆದ ಜನರೆದುರು ಅವನು ಗರ್ಜಿಸಿದನು: “ಎಲೈ ಸಾಲುಮನೆವಾಸಿಗಳಿರಾ! ಇತಿಹಾಸವು ಬಾಯಿಮಾತಿನಲ್ಲಿಲ್ಲ, ಗೋಡೆಯ ಗರ್ಭದಲ್ಲಿದೆ. ನನ್ನ ಮನೆಯೇ ಹಿರಿದೆಂದು ಈ ಸುತ್ತಿಗೆಯಿಂದ ಸ್ಥಾಪಿಸದಿದ್ದರೆ ನಾನು ಮಾಸ್ತರನೇ ಅಲ್ಲ!”

“ಮಾಸ್ತರಿಕಿ ಹೋದ್ರ ಹೋಗ್ಲಿ, ದೇವರ ಖೋಲಿ ಗ್ವಾಡಿ ಹಸಿ ಹಿಡದೈತಿ, ಹುಷಾರ್ರಿ,” ಎಂದಳು ಹೆಂಡತಿ ನೀಲವ್ವ.

ವೀರನು ಕೇಳುವನೇ? ದೇವರ ಖೋಲಿಗೂ ಸಂಗವ್ವನ ಅಡುಗೆಮನೆಗೂ ನಡುವಿನ ಗೋಡೆಯ ಮೇಲೆ ಬಿದ್ದನು. ಹಸಿರು ಡಿಸ್ಟೆಂಪರ್ ಉದುರಿತು; ಅದರ ಹಿಂದಿನ ನೀಲಿ ಸುಣ್ಣವೂ ಉದುರಿತು; ಯುಗಯುಗಾಂತರಗಳ ಧೂಳು ಮೂಗಿಗೇರಿ ನಾಲ್ಕಾರು ಸೀನುಗಳು ದಿಗ್ದಿಗಂತಗಳಲ್ಲಿ ಮೊಳಗಿದವು. ಕಡೆಗೆ ಇಟ್ಟಿಗೆ ತುಂಬಿ ಮುಚ್ಚಿದ ಚೌಕವೊಂದು ಕಂಡಿತು.

“ಕಿಟಕಿ! ಇಲ್ಲಿ ಕಿಟಕಿ ಇತ್ತಂದ್ರ ಆಚಿಗೆ ಬಯಲಿತ್ತು! ಬಯಲಿದ್ದಾಗ ಸಂಗವ್ವನ ಮನಿ ಎಲ್ಲಿತ್ತು?” ಎಂದು ಕೂಗಿದನು. ಹೌದಲ್ಲ, ಎಂದು ಜನ ತಲೆದೂಗಿದರು.

ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆಗಾರನೂ ಮಂಗಳ ಹಾಡಿ ಮನೆಗೆ ಹೋಗುತ್ತಿದ್ದ. ಗೆದ್ದ ಹುಮ್ಮಸ್ಸಿನಲ್ಲಿ ಮಾಸ್ತರನು ಇನ್ನೊಂದು ಏಟು ಹಾಕಿದನು. ಗಾರೆಯ ದೊಡ್ಡ ಹೆಂಟೆ ಕಳಚಿತು. ಕಿಟಕಿಯ ಸುತ್ತ ಒಲೆಯ ಮಸಿ. ಕೆಳಗೆ ಹಂಡೆ ಕೂರಿಸುವ ಗೂಡು. ದೇವರ ಮಂಟಪದಡಿಯಲ್ಲಿ ಇಳಿಜಾರು ಕಲ್ಲು, ನೀರು ಹೋಗುವ ಮೋರಿ. ಇಟ್ಟಿಗೆಗಳು ಆಚೆ ಬಿದ್ದು ಕಿಂಡಿಯಲ್ಲಿ ಸಂಗವ್ವನ ಮುಖ ಕಾಣಿಸಿಕೊಂಡಿತು.

ಮಾಸ್ತರನು ಸುತ್ತಿಗೆಯನ್ನು ಬೆನ್ನ ಹಿಂದೆ ಅಡಗಿಸಿದನು. “ಏನಿಲ್ಲ... ನಂದ ತಪ್ಪಾತು. ನಿಮ್ದ ಹಿರೇಮನಿ.”

“ಅಯ್ಯ, ಸುಳ್ಳ ಯಾಕ್ ಹೇಳ್ತೀರಿ ಮಾಸ್ತರ? ನಿಮ್ದ ಮೊದಲ. ಮನಿ ಕಟ್ಟೋ ಮಂದಿಗೆ ಜಳಕಾ ಮಾಡಾಕ ಜಾಗಾ ಬೇಕಿತ್ತಲ್ರೀ!”

“ಅದಕ್ಕ ದೇವರ ಖೋಲಿ ಇನ್ನೂ ಆರಿಲ್ಲ ನೋಡ್ರಿ,” ಎಂದಳು ನೀಲವ್ವ.

ಮರುದಿನ ಮೊದಲ ಹಣತೆ ಗುರುಪಾದಪ್ಪನ ಹೊಸ್ತಿಲಲ್ಲೇ ಬೆಳಗಿತು. ಇಡೀ ಸಾಲು ಅವನ ಮುಂದೆ ಕಾದು ನಿಂತಿತು. ಎಲ್ಲರಿಗಿಂತ ಮುಂದಿದ್ದ ಸಂಗವ್ವ ತನ್ನ ಹಣತೆಯನ್ನು ಚಾಚಿ, ಕೊನೆಯ ಮನೆಗೂ ಕೇಳುವಂತೆ ಅಂದಳು:

“ದೀಪ ಕೊಡ್ರಿ, ಬಚ್ಚಲಮನಿಯವರ.”

ಮಾಸ್ತರನು ಕೊಟ್ಟನು.