ನಾಲ್ಕು ಡಿಕೋಡರು, ಒಂದು ಜೋಡಿ ಕಣ್ಣು

ಮಂದಿ ನನ್ನ ಕಣ್ಣನ್ನು ನಂಬುವುದಿಲ್ಲ. ಅದಕ್ಕೇ ವಾರಕ್ಕೊಂದಾದರೂ ಫಜೀತಿ ನನಗೆ ಗಂಟು ಬೀಳುತ್ತಲೇ ಇರುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕು ಜರಡಿ ಹಿಡಿದರೂ ನನ್ನಷ್ಟು ಸೂಕ್ಷ್ಮ ಕಣ್ಣು ಸಿಗುವುದಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ. ಯಾಕೆಂದರೆ ಹೇಳುವುದಕ್ಕೆ ಜೊತೆಯಲ್ಲಿ ಈಗ ಬೇರೆ ಯಾರೂ ಇಲ್ಲ.

ಹುಟ್ಟಿ ಬೆಳೆದದ್ದು ನೇಸರಗಿ ಕಡೆಯ ಹಳ್ಳಿಯಲ್ಲಿ. ಬೈಲಹೊಂಗಲ ಪೇಟೆಯ ಗೊಬ್ಬರದಂಗಡಿಯ ಮೇಲಿನ ಖೋಲಿಯಲ್ಲಿ ಕುಳಿತು ಮದುವೆ ವಿಡಿಯೋ ಮಾಡಿಕೊಡುತ್ತೇನೆ. ವಿಡಿಯೋ ಅಂದರೆ ಅರಿವೆಯಲ್ಲಿ ಬಿಗಿದು ಕಟ್ಟಿದ ಬುತ್ತಿ ಎಂದು ತಿಳಿಯಿರಿ. ಕಂಪ್ಯೂಟರಿನಲ್ಲಾಗಲಿ, ಟಿವಿ ಡಬ್ಬಿಯಲ್ಲಾಗಲಿ, ಆ ಗಂಟು ಬಿಚ್ಚಿ ಪರದೆಯ ಮೇಲೆ ಬಡಿಸುವವನೇ ಡಿಕೋಡರು. ಬುತ್ತಿ ಅದೇ, ಆದರೆ ಬಿಚ್ಚುವ ಕೈ ಬೇರೆಯಾದರೆ ಒಂದರಲ್ಲಿ ರೊಟ್ಟಿ ಇಡಿಯಾಗಿ ಬರುತ್ತದೆ, ಇನ್ನೊಂದರಲ್ಲಿ ಚೂರುಚೂರು.

ನನ್ನ ಲ್ಯಾಪ್‌ಟಾಪಿನಲ್ಲೇ ಇಂಥ ಡಿಕೋಡರು ನಾಲ್ಕಿವೆ, ಒಂದೊಂದಕ್ಕೆ ಒಂದೊಂದು ಕೀಲಿ ಒತ್ತಬೇಕು. ಅವನ್ನು ಪರೀಕ್ಷಿಸುವುದಕ್ಕೆ ಒಂದು ತುಣುಕು ಇಟ್ಟುಕೊಂಡಿದ್ದೇನೆ: ಯಲ್ಲಮ್ಮನ ಗುಡ್ಡದಲ್ಲಿ ಒಬ್ಬಾಕೆ ಬೊಗಸೆ ತುಂಬ ಭಂಡಾರ ಹಾರಿಸುತ್ತಾಳೆ. ಆ ಅರಿಶಿನದ ಪುಡಿ ಗಾಳಿಗೆ ಹರಡುವುದಿದೆಯಲ್ಲ, ಅದನ್ನು ಕಣಕಣವಾಗಿ ತೋರಿಸುವಷ್ಟರಲ್ಲಿ ಡಿಕೋಡರಿನ ಬಂಡವಾಳ ಬಯಲಾಗುತ್ತದೆ. ಕೆಟ್ಟ ಡಿಕೋಡರಿನಲ್ಲಿ ಭಂಡಾರ ಹಾರುವುದಿಲ್ಲ, ಬೇಸನ್ ಉಂಡೆಯಂತೆ ಗಡ್ಡೆಗಟ್ಟಿ ಬೀಳುತ್ತದೆ.

ಈ ಪರೀಕ್ಷೆಗೆ ಇಬ್ಬರು ಬೇಕು. ಯಾವ ಡಿಕೋಡರು ಓಡುತ್ತಿದೆಯೆಂದು ಮೊದಲೇ ಗೊತ್ತಿದ್ದರೆ ಮನಸ್ಸು ಕಣ್ಣಿಗೆ ಲಂಚ ಕೊಡುತ್ತದೆ. ಅದಕ್ಕೇ ಒಬ್ಬ ಗೋಡೆ ಕಡೆ ಮುಖ ಮಾಡಬೇಕು; ಇನ್ನೊಬ್ಬ ಡಿಕೋಡರು ಬದಲಿಸಬೇಕು; ಆಮೇಲೆ ಮೊದಲಿನವನು ತಿರುಗಿ ನೋಡಿ "ಇದು ಇಂಥದ್ದು" ಎನ್ನಬೇಕು. ಬದಲಿಸುವುದಕ್ಕೆ ನನ್ನ ಜೋಡೀದಾರನೊಬ್ಬನಿದ್ದ. ಹೋದ ವರ್ಷ ಅವನ ಲಗ್ನವಾಯಿತು, ಹೆಂಡತಿಯ ತವರಿನವರ ಸೀರೆ ಅಂಗಡಿ ನೋಡಿಕೊಳ್ಳಲು ರಾಮದುರ್ಗಕ್ಕೆ ಹೋದ. ಅವನ ಮದುವೆ ವಿಡಿಯೋ ಮಾಡಿದವನೂ ನಾನೇ. ಅವನ ಕುರ್ಚಿ ಇನ್ನೂ ಇದೆ. ಖಾಲಿ ಕಾಣಬಾರದೆಂದು ಅದರ ಮೇಲೆ ಕ್ಯಾಮೆರಾ ಚೀಲ ಇಡುತ್ತೇನೆ. ಒಬ್ಬರಾದರೂ ಅಲ್ಲಿ ಕುಳಿತು "ಹೌದಪಾ, ಫರಕ್ ಐತಿ, ನಿನ್ನ ಕಣ್ಣು ಖರೇ" ಅಂದರೆ ಸಾಕು. ಬೇರೆ ಆಸೆ ನನಗಿಲ್ಲ.

೧. ಕಣ್ಣಾಮುಚ್ಚಾಲಿ

ಒಬ್ಬನೇ ಆದರೇನು, ನನ್ನಂಥವನಿಗೆ ಉಪಾಯಕ್ಕೆ ಬರವೇ? ಕಣ್ಣಿಗೆ ಟಾವೆಲ್ ಕಟ್ಟಿಕೊಂಡೆ. ಕೀಲಿಗಳನ್ನು ಅಂದಾಜಿಗೆ ಒತ್ತಿ ಡಿಕೋಡರುಗಳನ್ನು ಕಲಸಿಬಿಡುವುದು, ಆಮೇಲೆ ಟಾವೆಲ್ ಬಿಚ್ಚಿ ನೋಡುವುದು ಎಂದು ಲೆಕ್ಕ. ಕುರ್ಚಿಯ ಗಾಲಿ ಜಾರಿತು. ಮೇಜು ಎಲ್ಲಿ ಹೋಯಿತೋ ತಿಳಿಯದೆ ಎರಡೂ ಕೈ ಮುಂದೆ ಚಾಚಿಕೊಂಡು ಖೋಲಿಯ ತುಂಬ ತಡಕಾಡುತ್ತಿದ್ದೆ. ಅದೇ ಹೊತ್ತಿಗೆ ಖೋಲಿಯ ಮಾಲಕರು, ಕೆಳಗಿನ ಗೊಬ್ಬರದಂಗಡಿಯ ಸಾಹುಕಾರರು, ಮೇಲೆ ಬಂದರು.

ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದರಂತೆ. ಆಮೇಲೆ ಕೇಳಿದರು: "ತಮ್ಮಾ, ಏನ ಮಾಡಾಕತ್ತಿ?"

"ಪರೀಕ್ಷಾ ಮಾಡಾಕತ್ತೇನ್ರಿ ಸಾವ್ಕಾರ್ರ. ಇದರಾಗ ಕಣ್ಣ ಕಟಗೋಬೇಕಾಗತೈತಿ."

"ಕಣ್ಣ ಕಟಗೊಂಡದ್ದು ಬರೋಬ್ಬರಿ ಐತಿ," ಎಂದರು ಅವರು ಬಹಳ ಕಳಕಳಿಯಿಂದ. "ಹಿಡಿಯಾಕ ಇನ್ನೊಬ್ಬರು ಬೇಕಲ್ಲೋ! ಒಬ್ಬನ ಎಷ್ಟ ಹೊತ್ತ ಆಡತಿ?"

ಅವತ್ತಿನಿಂದ ಸಾಹುಕಾರರು ದಿನಕ್ಕೊಮ್ಮೆ ಅಂಗಡಿಯ ಆಳನ್ನು ಮೇಲೆ ಕಳಿಸುತ್ತಾರೆ. "ಯಜಮಾನ್ರು ನಿಮ್ಮ ಸಂಗಾಟ ಒಂದ ಆಟ ಆಡಿ ಬಾ ಅಂದಾರ್ರಿ."

೨. ಕಿತ್ತೂರಿನ ಅತ್ತೆ

ಕಿತ್ತೂರಿನಿಂದ ಫೋನು. "ಏನಪಾ, ನಾವು ಸೊಸಿಗೆ ಕೆಂಪ ಸೀರಿ ಉಡಿಸಿದ್ರ ನೀ ಕೇಸರಿ ಉಡಿಸೀಯಲ್ಲ!" ಮಾತಾಡಿದಾಕೆ ಮದುಮಗನ ತಾಯಿ. ಅವರಿಗೆ ನಾನು ಮಾಡಿಕೊಟ್ಟ ವಿಡಿಯೋದ ಬಣ್ಣ ಅವರ ಮನೆಯ ಹಳೇ ಟಿವಿ ಡಬ್ಬಿಯಲ್ಲಿ ಕೆಟ್ಟಿತ್ತು. ನನ್ನ ಹೆಸರಿಗೆ ಮಸಿ ಬಳಿದ ಹಾಗಾಯಿತು. ಲ್ಯಾಪ್‌ಟಾಪು, ಫೋನು, ಹೊಸದೊಂದು ಡಬ್ಬಿ ಎಲ್ಲ ಹೊತ್ತುಕೊಂಡು ಬಸ್ಸು ಹತ್ತಿದೆ.

ಪಡಸಾಲೆಯಲ್ಲಿ ಅವರ ಹಳೇ ಡಬ್ಬಿಯನ್ನೂ ಸೇರಿಸಿ ನಾಲ್ಕನ್ನೂ ಸಾಲಾಗಿ ಹೂಡಿದೆ. ಜಮಖಾನೆ ಹಾಸಿ ಮನೆಯವರು, ಓಣಿಯವರು ಕುಳಿತರು. ಒಂದೇ ಆರತಿ, ಒಂದೇ ಸೀರೆ, ನಾಲ್ಕು ಡಿಕೋಡರು. "ನೋಡ್ರಿ ಅವ್ವಾರ, ನಿಮ್ಮ ಡಬ್ಬಿದಾಗ ಎಲ್ಲಾ ಮಂಜ ಕವಿದಂಗ. ನನ್ನ ಲ್ಯಾಪ್‌ಟಾಪಿನ್ಯಾಗ ಜರಿ ಎಳಿ ಎಳಿ ಎಣಸಬಹುದು. ನಿಮ್ಮ ಹಣಿ ಮ್ಯಾಲಿನ ಗೆರಿ ಸುದ್ದಾ ಎಣಸಬಹುದು!"

ಜನ "ಹೌದಲ್ಲೋ" ಎಂದು ಬಾಯಿ ತೆರೆಯುವುದರಲ್ಲಿದ್ದರು. ನನ್ನ ಎದೆ ಅಗಲವಾಯಿತು. ಆ ತಾಯಿ ಮಾತ್ರ ಎದ್ದು ಬಂದು ಲ್ಯಾಪ್‌ಟಾಪಿನಲ್ಲಿ ತಮ್ಮ ಮುಖ ನೋಡಿದರು, ಆಮೇಲೆ ಹಳೇ ಡಬ್ಬಿಯಲ್ಲಿ ನೋಡಿದರು. ಮತ್ತೊಮ್ಮೆ ಲ್ಯಾಪ್‌ಟಾಪು, ಮತ್ತೊಮ್ಮೆ ಡಬ್ಬಿ.

"ಸೀರಿ ಕೇಸರಿನ ಇರಲಿ," ಎಂದರು. "ಈ ಡಬ್ಬಿದಾಗ ನನಗ ಹತ್ತ ವರ್ಷ ಕಡಿಮಿ ಆಗ್ಯಾವ. ನಿನ್ನ ಲ್ಯಾಪ್‌ಟಾಪ ಮುಚ್ಚ ಮೊದಲ."

ಮುಚ್ಚಿದೆ. ಎಲ್ಲರೂ ಒಬ್ಬರ ಹೆಗಲಿಗೊಬ್ಬರು ಒರಗಿ ಆ ಮಂಜಿನೊಳಗೇ ಮದುವೆ ಪೂರಾ ನೋಡಿ ನಕ್ಕರು. ಚಿತ್ರ ಕೆಟ್ಟದ್ದು ಕಂಡವನು ಆ ಪಡಸಾಲೆಯಲ್ಲಿ ನಾನೊಬ್ಬನೇ. ಹೊರಡುವಾಗ ಆ ತಾಯಿ ನನ್ನ ಕೈಗೆ ಉಂಡಿ ಕಟ್ಟಿಕೊಟ್ಟು, "ಮುಂದಿನ ಮಗನ ಮದವಿಗೂ ನೀನ ಬಾ. ಬರೂಮುಂದ ಕ್ಯಾಮೆರಾನೂ ಹಳೇದ ತಗೊಂಡ ಬಾ" ಎಂದರು.

೩. ನೇಸರಗಿಯ ಆಯಿ

ಆದರೆ ಫರಕ್ ಗುರುತಿಸಬಲ್ಲ ಒಬ್ಬ ಪಾರಖಿ ಸಿಕ್ಕಿದ್ದರು, ಸುಳ್ಳು ಹೇಳಬಾರದು. ನೇಸರಗಿಯಲ್ಲಿ ನಮ್ಮ ದೂರದ ಸಂಬಂಧದ ಮುದುಕಿ. ಎಲ್ಲರೂ ಆಯಿ ಎನ್ನುತ್ತಾರೆ. ಆಗಷ್ಟೇ ಕಣ್ಣಿನ ಶಿಬಿರದಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಭಂಡಾರದ ತುಣುಕನ್ನು ಎರಡು ಡಿಕೋಡರಿನಲ್ಲಿ ಅಕ್ಕಪಕ್ಕ ಓಡಿಸಿ, "ಆಯಿ, ಏನರ ಫರಕ್ ಕಾಣತೈತೇನ?" ಎಂದೆ.

ಆಯಿ ಒಂದು ಕಣ್ಣು ಮುಚ್ಚಿದರು, ತೆರೆದರು, ಇನ್ನೊಂದು ಮುಚ್ಚಿದರು. ಬೆರಳು ಮಾಡಿ ಹೇಳಿದರು: "ಇದು ಆಪರೇಶನ್ ಆದ ಕಣ್ಣು. ಇದು ಆಗಲಾರದ್ದು."

ನಾನು ಕುಣಿದಾಡುವುದೊಂದು ಬಾಕಿ! ಇಷ್ಟು ವರ್ಷದಲ್ಲಿ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಮಧ್ಯಾಹ್ನವೆಲ್ಲ ಕುಳಿತೆವು. ನಾನು ಗೋಡೆ ಕಡೆ, ಆಯಿ ಕೀಲಿ ಕಡೆ. ಆಮೇಲೆ ಆಯಿ ಗೋಡೆ ಕಡೆ, ನಾನು ಕೀಲಿ ಕಡೆ. ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದು ಹೋಲಿಸಿ, ಒಂದೂ ತಪ್ಪಲಿಲ್ಲ ಮುದುಕಿ. ಬೈಲಹೊಂಗಲಕ್ಕೆ ಬಂದವನೇ ಜೋಡೀದಾರನ ಕುರ್ಚಿಯ ಮೇಲಿನ ಚೀಲ ತೆಗೆದು, ಕುರ್ಚಿ ಒರೆಸಿ, ಆಯಿಗೆಂದು ಒಂದು ದಿಂಬು ಕೊಂಡು ಹಾಕಿದೆ.

ತಿಂಗಳಾದ ಮೇಲೆ ಕರೆದುಕೊಂಡು ಬರಲು ಹೋದೆ. ಆಯಿ ಕಟ್ಟೆಯ ಮೇಲೆ ಕುಳಿತು ದೂರದಿಂದಲೇ ಗುರುತು ಹಿಡಿದರು. ನನಗೆ ಆಗಲೇ ಸಂಶಯ ಬರಬೇಕಿತ್ತು. ತುಣುಕು ಹಚ್ಚಿದೆ. "ಆಯಿ, ಈಗ ಹೇಳ, ಯಾವದು ಚಲೋ?"

"ಎರಡೂ ಚಲೋನ ಅದಾವಪಾ," ಎಂದರು ಆಯಿ ಸಂತೋಷದಿಂದ. "ಇನ್ನೊಂದ ಕಣ್ಣಿಂದೂ ಆಪರೇಶನ್ ಆತು!"

೪. ಕಟಕೋಳದ ಐದು ಮಿನಿಟು

ಇನ್ನು ಇದನ್ನು ಹೇಳಬಾರದೆಂದಿದ್ದೆ. ಹೇಳದಿದ್ದರೆ ನಮ್ಮ ಸೋದರಮಾವ ಹೇಳುತ್ತಾನೆ, ಅದೂ ಒಂದಕ್ಕೆರಡು ಸೇರಿಸಿ.

ಕಟಕೋಳಕ್ಕೆ ಹುಡುಗಿ ನೋಡಲು ಮಾವನ ಜೊತೆ ಹೋಗಿದ್ದೆ. ಹುಡುಗಿ ಮನೆಯಲ್ಲೇ ಜಂಪರು ಹೊಲಿಯುತ್ತಾಳೆಂದು ಹೇಳಿದ್ದರು. ಆಕೆ ಮಂಡಕ್ಕಿಯ ಸೂಸಲಾ ತಂದು ಕೊಟ್ಟಾಗ ನಾನು ಅವರ ಮನೆಯ ಟಿವಿ ಕಡೆ ನೋಡುತ್ತಿದ್ದೆ. ಚಿತ್ರ ಚೌಕಚೌಕವಾಗಿ ಒಡೆಯುತ್ತಿತ್ತು, ಕಣ್ಣು ಕೀಳಲಾಗಲಿಲ್ಲ. ಹಿರಿಯರು "ಐದ ಮಿನಿಟ ಮಾತಾಡ್ರಿ" ಎಂದು ಹೊರಗೆ ಕಟ್ಟೆಗೆ ಹೋದರು. ಹೆಂಗಸರು ಅಡುಗೆ ಮನೆಯ ಬಾಗಿಲ ಹಿಂದೆ ಸೇರಿದರು.

"ನೀವು ಏನ ಮಾಡತೀರಿ?" ಎಂದಿತು ಎದುರಿನ ದನಿ.

ಕೇಳಿದ್ದೇ ತಡ, ಚೀಲದಿಂದ ಲ್ಯಾಪ್‌ಟಾಪು ತೆಗೆದೆ. ಬುತ್ತಿ, ಭಂಡಾರ, ನಾಲ್ಕು ಡಿಕೋಡರು, ನಾಲ್ಕು ತಾಲೂಕು, ನನ್ನ ಕಣ್ಣು, ಎಲ್ಲ ಹೇಳಿದೆ.

"ನೋಡಿದ ಕೂಡಲೆ ಯಾವದಂತ ಹೇಳತೀರಿ?"

"ಹೇಳತೇನಿ."

"ಹಂಗಾರ ತಿರಗರಿ ಗ್ವಾಡಿ ಕಡೆ. ನಾ ಬದಲಿ ಮಾಡತೇನಿ."

ನಿಮಗೆ ಗೊತ್ತಾಗುವುದಿಲ್ಲ, ಆ ಮಾತು ಕೇಳಿ ನನಗೆ ಏನಾಯಿತೆಂದು. ಒಂದು ವರ್ಷದಿಂದ ಜೋಡೀದಾರನ ಆ ಖಾಲಿ ಕುರ್ಚಿಯಿಂದ ಬರಲೆಂದು ಕಾದಿದ್ದ ಮಾತು. ಯಾವ ಕೀಲಿಗೆ ಯಾವ ಡಿಕೋಡರು ಎಂದು ತೋರಿಸಿ, ಗೋಡೆ ಕಡೆ ತಿರುಗಿದೆ.

"ಹೂಂ, ನೋಡ್ರಿ."

ತಿರುಗಿ ಪರದೆ ನೋಡಿದೆ. "ಇದು ಮೂರನೇದು. ಭಂಡಾರ ಗಡ್ಡಿಗಟ್ಟೇತಿ."

ಮತ್ತೆ ಗೋಡೆ, ಮತ್ತೆ "ಹೂಂ."

"ಇದು ಎರಡನೇದು. ಹಳದಿ ಭಾಳ ಆತು."

"ಇದು ನಾಕನೇದು. ಗುಡ್ಡದ ಅಂಚು ಹೆಂಗ ಕೊರದಂಗ ಐತಿ ನೋಡ್ರಿ!"

ಐದು ಸಲ. ಐದೂ ಸಲ ಒಂದು ಕ್ಷಣವೂ ತಡವರಿಸಲಿಲ್ಲ. ಎದೆ ಸೆಟೆಸಿ ಕೇಳಿದೆ, "ಎಷ್ಟ ಸರಿ ಆದವು?"

"ನಾ ಏನೂ ಬದಲಿ ಮಾಡಿಲ್ರಿ," ಎಂದಿತು ದನಿ. "ಐದೂ ಸಲ ಒಂದನೇದ ಇತ್ತು."

ಅಡುಗೆ ಮನೆಯ ಬಾಗಿಲು ತಾನಾಗಿಯೇ ನಕ್ಕ ಹಾಗಾಯಿತು.

"ಹಂಗ್ಯಾಕ ಮಾಡಿದ್ರಿ?"

"ಜಂಪರ ಹೊಲಿಯೂ ಮೊದಲ ಟೇಪ ಖರೇ ಐತೋ ಇಲ್ಲೋ ನೋಡತೇನ್ರಿ. ಆಮ್ಯಾಲ ಅಳತಿ."

ನಾನು ಹಾಗೆಲ್ಲ ಸೋಲುವವನಲ್ಲ. ಆ ಒಂದನೇ ಡಿಕೋಡರು ಸಲಕ್ಕೊಂದು ಥರ ಬಿಚ್ಚುವ ಜಾತಿಯದು ಎಂದು ಈಗಲೂ ಹೇಳುತ್ತೇನೆ. ಆವತ್ತು ಮಾತ್ರ ಲ್ಯಾಪ್‌ಟಾಪು ಮುಚ್ಚಿದೆ. ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆ.

ಬಸ್ಸು ಯರಗಟ್ಟಿ ದಾಟಿದ ಮೇಲೆ ಮಾವ ಕೇಳಿದ, "ಇರಲಿ ಬಿಡ. ಹುಡುಗಿ ಹೆಂಗದಾಳ? ಮನಸಿಗೆ ಬಂದಳೇನ?"

ನೆನಪು ಮಾಡಿಕೊಂಡೆ. ಕೀಲಿಗಳ ಮೇಲಿಟ್ಟ ಬೆರಳು ನೆನಪಿತ್ತು, ತುದಿಯಲ್ಲಿ ಸೂಜಿ ಚುಚ್ಚಿದ ಸಣ್ಣ ಗುರುತುಗಳಿದ್ದವು. ದನಿ ನೆನಪಿತ್ತು. ಅವರ ಗೋಡೆಯ ಬಣ್ಣ ಎಲ್ಲೆಲ್ಲಿ ಉದುರಿದೆಯೆಂಬುದು ಚೆನ್ನಾಗಿ ನೆನಪಿತ್ತು.

"ಮಾಂವಾ," ಎಂದೆ, "ನೋಡೂದ ಮರತೆ."

ಮಾವ ಮುಂದಿನ ಸೀಟಿಗೆ ಹಣೆ ಹಚ್ಚಿದ. "ನಾಕ ತಾಲೂಕಿಗೆ ಒಂದ ಕಣ್ಣ ಅಂತಿ, ಐದ ಮಿನಿಟಿನ್ಯಾಗ ಒಂದ ಹುಡುಗಿ ಕಾಣಲಿಲ್ಲೇನೋ ನಿನಗ!" ಎಂದು ಇಡೀ ಬಸ್ಸಿಗೆ ಕೇಳುವಂತೆ ಒದರಿದ. ಆಮೇಲೆ ಅಲ್ಲಿಂದಲೇ ಕಟಕೋಳಕ್ಕೆ ಫೋನು ಹಚ್ಚಿ, ನಾಚಿಕೆ ಬಿಟ್ಟು, ಹುಡುಗ ಹುಡುಗಿಯನ್ನು ನೋಡಿಲ್ಲವಂತೆ, ಇನ್ನೊಮ್ಮೆ ಬರಬಹುದೇ ಎಂದು ಕೇಳಿದ. ಆ ಕಡೆ ಬಹಳ ಹೊತ್ತು ನಗುವೇ ನಗು. ಮಾವ "ಹೂಂ, ಹೂಂ" ಎಂದು ಕೇಳಿಸಿಕೊಂಡು ಫೋನಿಟ್ಟ.

"ಏನಂದ್ರು?"

"ಹುಡುಗಿ ಬಾ ಅಂದಾಳ. ಲ್ಯಾಪ್‌ಟಾಪ ತಗೊಂಡ ಬಾ ಅಂದಾಳ. ಆದ್ರ ಈ ಸಲ ಗ್ವಾಡಿ ಕಡೆ ಮುಖ ಮಾಡಾಕ ಆಕಿ ಕುಂದರತಾಳಂತ," ಎಂದ ಮಾವ. "ಆಕಿ ತಿರಗಿ ಪರದೆ ನೋಡೂಮುಂದ ನಿನಗ ಆಕಿನ್ನ ಸಾವಕಾಶ ನೋಡಾಕ ಬರಲಿ ಅಂತ."